ಕಾರಿನ ಮೈಗೆ ಕವಚ, ಊರಿನ ಎದೆಗೆ ಧೂಳು

ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಕಾರು ತಂದವನ ಸಂಭ್ರಮಕ್ಕೆ ಆಯಸ್ಸು ಬಹಳ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ವರ್ಷಗಟ್ಟಲೆ ಲೆಕ್ಕ ಹಾಕುತ್ತ ಕೂತಿದ್ದ ಮೇಷ್ಟ್ರು, ಗುಮಾಸ್ತರು, ಅಂಗಡಿಯವರಿಗೂ ಧೈರ್ಯ ಬಂತು. ಸಾಲ ಮಾಡಿ ಗಾಡಿ ತಂದದ್ದಾಯ್ತು, ಕನಕ ದುರ್ಗಮ್ಮನ ಗುಡಿ ಮುಂದೆ ಪೂಜೆಯೂ ಆಯ್ತು. ಆಮೇಲೆ ಸಂಡೂರು, ತೋರಣಗಲ್ಲು, ಹೊಸಪೇಟೆ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಮುಗೀತು. ಬಿಳಿ ಕಾರು ಕಾವಿ ಉಟ್ಟು ಮನೆಗೆ ಬರುತ್ತದೆ!

ಈ ಧೂಳು ಸಾಮಾನ್ಯ ಹೊಲದ ಮಣ್ಣಲ್ಲ. ಸಂಡೂರು ಬೆಟ್ಟದ ಹೆಮಟೈಟ್ ಅದಿರಿನ ಪುಡಿ. ಉಗುರಿಗಿಂತ ಗಟ್ಟಿ, ತಾಮ್ರದ ಕಾಸಿಗಿಂತಲೂ ಗಟ್ಟಿ. ಕಾರಿನ ಹೊಳಪೋ, ಬಣ್ಣದ ಮೇಲಿರುವ ಒಂದು ಪಾರದರ್ಶಕ ಪದರದ್ದು. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ 40-50 ಭಾಗ ಅಷ್ಟೇ. ತಲೆಕೂದಲು ಅದಕ್ಕಿಂತ ದಪ್ಪ.

ಯಜಮಾನರು ಮಾಡುವುದೇನು? ಬೆಳಿಗ್ಗೆ ಎದ್ದವರೇ ಹಳೇ ಬನಿಯನ್ ಹಿಡಿದು ಒಣ ಧೂಳನ್ನು ಗುಂಡಗುಂಡಗೆ ತಿಕ್ಕುವುದು. ಪ್ರೀತಿಯಿಂದಲೇ ತಿಕ್ಕುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಿರಿನ ಪುಡಿ ಮೆತ್ತಿದ ಬಟ್ಟೆಗೂ ಬಡಗಿಯ ಉಪ್ಪುಕಾಗದಕ್ಕೂ ವ್ಯತ್ಯಾಸ ಏನು? ಆರು ತಿಂಗಳಿಗೆ ಬಿಸಿಲಿನಲ್ಲಿ ನಿಂತು ನೋಡಿದರೆ ಬಾನೆಟ್ ಮೇಲೆ ಜೇಡರ ಬಲೆ! ಧೂಳು ತಾನಾಗಿ ಕೂತಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಕೆಡಿಸಿದ್ದು ಒರೆಸಿದ ಕೈ.

ಆ ಕೈಯೂ ಎಷ್ಟೋ ಮನೆಗಳಲ್ಲಿ ಯಜಮಾನರದ್ದಲ್ಲ. ತಿಂಗಳಿಗಿಷ್ಟು ಅಂತ ಮಾತಾಡಿಕೊಂಡು, ಸೂರ್ಯ ಹುಟ್ಟುವ ಮೊದಲೇ ಹತ್ತಾರು ಗಾಡಿ ಒರೆಸಿ ಹೋಗುವ ಬಡಪಾಯಿಯದ್ದು. ಅವನಿಗೆ ಸಿಗುವುದು ಅರ್ಧ ಬಕೆಟ್ ನೀರು, ಒಂದು ಹರಕು ಬಟ್ಟೆ. ಹತ್ತೂ ಗಾಡಿಯ ಧೂಳು ಅದೇ ಬಟ್ಟೆಯಲ್ಲಿ. ಗೀರು ಕಂಡ ದಿನ ಬೈಗುಳವೂ ಅವನಿಗೇ. "ನೀರು ಕೊಡ್ರೀ ಯಪ್ಪಾ, ತೊಳೀತೀನಿ" ಅಂದರೆ ಕೇಳುವವರು ಯಾರು? ಒಣ ಬಟ್ಟೆ ಕೊಟ್ಟವರ ತಪ್ಪಿಗೆ ಒರೆಸಿದವನ ಸಂಬಳ ಮುರಿಯುವುದು ಯಾವ ನ್ಯಾಯ?

ಪೂಜೆಯ ವಿಷಯವನ್ನೂ ಒಂದು ಮಾತು ಹೇಳಬೇಕು. ದೇವರಿಗೆ ಕೈ ಮುಗಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಬಾನೆಟ್ ಮೇಲೆ ಬಳಿದ ಅರಿಶಿಣ-ಕುಂಕುಮ, ಹಿಂಡಿದ ನಿಂಬೆಹುಳಿ, ಹಾರ ಅಂಟಿಸಿದ ಟೇಪು ಮೂರೂ ವಾರಗಟ್ಟಲೆ ಬಿಸಿಲಿನಲ್ಲಿ ಬೇಯಬೇಕೆಂದು ಯಾವ ಶಾಸ್ತ್ರದಲ್ಲಿದೆ? ಪೂಜೆ ಮುಗಿದ ಸಂಜೆಯೇ ನೀರು ಹಾಕಿ ತೆಗೆದರೆ ದುರ್ಗಮ್ಮ ಮುನಿಯುವುದಿಲ್ಲ. ಹಕ್ಕಿಯ ಹಿಕ್ಕೆಗೂ ಇದೇ ಮಾತು. ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕೇ ಹೊರತು, ಒಣಗಿದ ಮೇಲೆ ಉಗುರಿನಿಂದ ಕೆರೆಯಬಾರದು.

ಇನ್ನು ಷೋರೂಮಿನ ಕಥೆ. ಗಾಡಿ ಕೈಗೆ ಬರುವ ದಿನವೇ ಸೂಟು ಹಾಕಿದ ಹುಡುಗ ಕಾಗದ ಚಾಚುತ್ತಾನೆ. "ಸಾರ್, ಸೆರಾಮಿಕ್ ಕೋಟಿಂಗ್, ಒಂಬತ್ತು ಎಚ್ ಗಟ್ಟಿ. ಗೀರು ಬೀಳೋದೇ ಇಲ್ಲ." ಬೆಲೆ 15ರಿಂದ 30 ಸಾವಿರ. ಆ ಒಂಬತ್ತು ಎಚ್ ಎಂಬುದು ಪೆನ್ಸಿಲ್ ಮೊನೆಯಿಂದ ಗೀಚಿ ಅಳೆಯುವ ಗಟ್ಟಿತನ, ವಜ್ರದ್ದಲ್ಲ. ಕೋಟಿಂಗಿನ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹೊಳಪು ಕೆಲವು ವರ್ಷ ನಿಲ್ಲುತ್ತದೆ. ಇಷ್ಟು ನಿಜ. ಲಾರಿಯ ಹಿಂದಿನಿಂದ ಹಾರಿ ಬರುವ ಕಲ್ಲನ್ನು ಅದು ತಡೆಯುವುದಿಲ್ಲ, ಒಣ ಬಟ್ಟೆಯ ಗೀರನ್ನೂ ತಡೆಯುವುದಿಲ್ಲ. ಬೋರಿನ ಗಡುಸು ನೀರು ಅದರ ಮೇಲೆ ಮುತ್ತಾಗಿ ನಿಂತು ಆರಿದರೆ ಬಿಳಿ ಚುಕ್ಕೆ ಬೀಳುವುದೂ ತಪ್ಪುವುದಿಲ್ಲ. ಗೀರು ಬಿದ್ದ ಗಾಡಿಗೆ ಪಾಲಿಶ್ ಮಾಡದೆ ಕೋಟಿಂಗ್ ಬಳಿದರಂತೂ ಆ ಗೀರು ಒಳಗೇ ಉಳಿದುಕೊಳ್ಳುತ್ತದೆ. ಟೆಫ್ಲಾನ್ ಎಂದು ಮಾರುವವರು ಇನ್ನೂ ಇದ್ದಾರೆ. ಟೆಫ್ಲಾನ್ ಲೋಹಕ್ಕೆ ಕಚ್ಚಬೇಕಾದರೆ 300 ಡಿಗ್ರಿಗೂ ಮೀರಿದ ಶಾಖ ಬೇಕು. ದೋಸೆ ಕಾವಲಿಗೆ ಸರಿ, ಕಾರಿಗೆ ಅಷ್ಟು ಶಾಖ ಕೊಟ್ಟರೆ ಬಣ್ಣವೇ ಸುಟ್ಟು ಹೋದೀತು!

ಕಲ್ಲನ್ನು ನಿಜವಾಗಿ ತಡೆಯುವುದು ಪಾಲಿಯುರೆಥೇನ್ ಹಾಳೆ. 150-200 ಮೈಕ್ರಾನ್ ದಪ್ಪ. ಇಡೀ ಗಾಡಿಗೆ ಹೊದಿಸಿದರೆ ಖರ್ಚು ಲಕ್ಷದ ಆಸುಪಾಸು ಹೋಗುತ್ತದೆ. ಅದಿರು ಲಾರಿಗಳ ಹಿಂದೆ ದಿನವೂ ಓಡಾಡುವವರು ಬೇಕಿದ್ದರೆ ಬಾನೆಟ್ಟಿನ ಮುಂಭಾಗ, ಬಂಪರ್, ಕನ್ನಡಿಗಳಿಗೆ ಮಾತ್ರ ಹಾಕಿಸಿಕೊಳ್ಳಲಿ.

ಉಳಿದವರಿಗೆ ಎರಡು ಬಕೆಟ್ ಸಾಕು. ಗಾಡಿ ನೆರಳಿನಲ್ಲಿರಲಿ, ಬಾನೆಟ್ ತಣ್ಣಗಿರಲಿ. ಮೊದಲು ಮುಟ್ಟದೆ ಮೇಲಿನಿಂದ ನೀರು ಸುರಿದು ಅದಿರಿನ ಪುಡಿ ಇಳಿಸಬೇಕು. ಆಮೇಲೆ ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬಟ್ಟೆ ಒಗೆಯುವ ಪುಡಿ ಬೇಡ, ಅದು ಮೇಣವನ್ನೂ ತೊಳೆದು ಹಾಕುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ, ನೇರವಾಗಿ ಒರೆಸುವುದು. ಕೊನೆಗೆ ತೇವ ಹೀರುವ ಬಟ್ಟೆ. ಎರಡು ಮೂರು ತಿಂಗಳಿಗೊಮ್ಮೆ ಕೆಲವು ನೂರು ರೂಪಾಯಿಯ ಮೇಣ. ಹೊಸ ಗಾಡಿಗೆ ಮೂರು ತಿಂಗಳು ಮೇಣ ಹಾಕಬಾರದು ಎಂಬುದು ಗ್ಯಾರೇಜಿನ ಪುರಾಣ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದು ಬಂದದ್ದು. ಕಾಯಬೇಕಾದ್ದು ಇಲ್ಲಿ ಮತ್ತೆ ಬಣ್ಣ ಹೊಡೆಸಿದ ಗಾಡಿಗೆ.

ಪೈಪ್ ಹಿಡಿದು ಬೀದಿಗೆ ನೂರಾರು ಲೀಟರ್ ಹರಿಸುವ ಮಹನೀಯರು ಒಂದು ನೆನಪಿಡಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಬೇಕಾಯಿತು. ನಳದ ಮುಂದೆ ಕೊಡಗಳ ಸಾಲು ಕಾಯುವ ಬೀದಿಯಲ್ಲಿ ಕಾರಿನ ಮಜ್ಜನ ಶೋಭಿಸುವುದಿಲ್ಲ.

ಇಷ್ಟೆಲ್ಲ ಕಾರಿನ ಮಾತಾಯಿತು. ಕೋಟಿಂಗಿಗೆ 30 ಸಾವಿರ ಎಣಿಸುವ ಪುರಜನರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಡವೇ? ಅಕ್ರಮ ಗಣಿಗಾರಿಕೆಯ ಅಬ್ಬರಕ್ಕೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು, 2013ರಲ್ಲಿ ಕಟ್ಟುಪಾಡಿನ ಮೇಲೆ ಮತ್ತೆ ಬಿಟ್ಟಿತು. ಅದಿರು ಲಾರಿಗೆ ಟಾರ್ಪಾಲಿನ್ ಬಿಗಿಯಬೇಕೆಂಬುದು ನಿಯಮ. ಗಣಿಬಾಧಿತ ಊರುಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ. ಆದರೂ ಹಗ್ಗ ಸಡಿಲಾದ ಟಾರ್ಪಾಲಿನ್ನಿನ ಕೆಳಗಿನಿಂದ ಕೆಂಪು ಪುಡಿ ಹಾರುತ್ತಲೇ ಇದೆ, ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರಿಗಾಗಿ ಜನ ಕಾಯುತ್ತಲೇ ಇದ್ದಾರೆ. ಬಾನೆಟ್ ಮೇಲೆ ಕೂತ ಅದೇ ಧೂಳು ದಾರಿ ಬದಿಯ ಶಾಲೆಯ ಮಕ್ಕಳ ಎದೆಯಲ್ಲೂ ಕೂರುತ್ತದೆ. ಕಾರನ್ನಾದರೆ ತೊಳೆಯಬಹುದು, ಮೇಣ ಹಚ್ಚಬಹುದು. ಮಕ್ಕಳ ಪುಪ್ಪುಸಕ್ಕೆ ಕೋಟಿಂಗ್ ಮಾಡುವ ಷೋರೂಮು ಯಾವ ಊರಲ್ಲಿದೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?