ಅಕ್ಷರ ಕಲಿಸುವವರಿಗೂ ಉನ್ನತ ಶಿಕ್ಷಣ ಬೇಕು

ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬುನಾದಿ ಹಂತವೆಂದು ಕರೆಯಿತು. ಆ ಬುನಾದಿ ಹಾಕುವವರಿಗೆ ಅದೇ ನೀತಿ ಸೂಚಿಸಿದ್ದೇನು? ಪಿಯುಸಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅಷ್ಟು ಓದದವರಿಗೆ ಒಂದು ವರ್ಷದ ಡಿಪ್ಲೊಮಾ. ಅದನ್ನೂ ಟಿವಿ, ಮೊಬೈಲ್ ಮೂಲಕ ಕೊಡಬಹುದಂತೆ. ಇದು ಸಾಲದು.

ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಪದವಿಯೂ ಬಿ.ಎಡ್. ಕೂಡ ಬೇಕು. ಓದುಬರಹವನ್ನು ಮೊದಲ ಸಲ ಕಲಿಸುವುದು ಅದಕ್ಕಿಂತ ಸುಲಭದ ಕೆಲಸವಲ್ಲ. 'ಸೂರ್ಯ' ಎಂಬಲ್ಲಿ ಬಾಯಿಗೆ ಮೊದಲು ಬರುವ ರಕಾರ, ಹಾಳೆಯ ಮೇಲೆ ಯಕಾರದ ನಂತರ ಅರ್ಕಾವತ್ತಾಗಿ ಕೂರುತ್ತದೆ. ಮಗು ಅದನ್ನು 'ಸೂಯ್ರ' ಎಂದು ಓದಿದರೆ ದಡ್ಡತನವಲ್ಲ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಗದರದೆ ಈ ತೊಡಕನ್ನು ಬಿಡಿಸಬಲ್ಲವರು ಲಿಪಿ, ಧ್ವನಿ, ಮಗುವಿನ ಮನಸ್ಸು ಮೂರನ್ನೂ ಓದಿಕೊಂಡಿರಬೇಕು. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಗು ಕನ್ನಡದ ತರಗತಿಗೆ ಬಂದಾಗಲಂತೂ ಈ ತಿಳಿವಳಿಕೆ ಇನ್ನೂ ಹೆಚ್ಚು ಬೇಕು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಲಿಕಲಿ ಪದ್ಧತಿಯನ್ನು ರೂಪಿಸಿದವರಲ್ಲಿ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಮುಂದಿದ್ದರು. ಅಂಥವರಿಗೆ ಮುಂದೆ ಓದುವ ದಾರಿ ತೆರೆಯಬೇಕು. ರಾಜ್ಯದ ಪ್ರತಿ ವಿಶ್ವವಿದ್ಯಾಲಯವೂ ಶಿಶುಶಿಕ್ಷಣ ಮತ್ತು ಆರಂಭಿಕ ಓದುಬರಹದ ಸ್ನಾತಕೋತ್ತರ ಕೋರ್ಸನ್ನು ಕನ್ನಡದಲ್ಲೇ ನಡೆಸಲಿ. ಸೇವೆಯಲ್ಲಿರುವವರಿಗೆ ಸಂಬಳಸಹಿತ ರಜೆ ಸಿಗಲಿ. ಇಂದಿಗೂ ಗೌರವಧನದಲ್ಲೇ ದುಡಿಯುತ್ತಿರುವ ಅಂಗನವಾಡಿ ಕಾರ್ಯಕರ್ತೆಯರು ಇಷ್ಟು ಓದಿ ಬಂದರೆ, ಅವರಿಗೆ ಶಿಕ್ಷಕಿಯ ಹುದ್ದೆಯನ್ನೂ ವೇತನವನ್ನೂ ಸರ್ಕಾರ ಕೊಡಲೇಬೇಕು.