ಗ್ಲೈಸೀನ್ ಅಡಗಿಸಿಟ್ಟ ಆಕಾರ

ಕಣ್ಣಿಗೆ ಕಾಣದ ಅಣುವಿನ ಆಕಾರ ತಿಳಿಯುವುದು ಹೇಗೆ? ಅನಿಲದಲ್ಲಿ ಅಣುಗಳು ಬುಗುರಿಯಂತೆ ಸುತ್ತುತ್ತಿರುತ್ತವೆ. ಮೈಕ್ರೋವೇವ್ ಹಾಯಿಸಿದರೆ ಕೆಲವೇ ಆವೃತ್ತಿಗಳನ್ನು ಹೀರಿ ಇನ್ನಷ್ಟು ವೇಗವಾಗಿ ಸುತ್ತುತ್ತವೆ. ಆ ಆವೃತ್ತಿಗಳಿಂದ ಅಣುವಿನ ಆಕಾರವನ್ನು ಲೆಕ್ಕ ಹಾಕಬಹುದು.

1978ರಲ್ಲಿ ಆಸ್ಟ್ರೇಲಿಯ ಮತ್ತು ಅಮೆರಿಕದ ವಿಜ್ಞಾನಿಗಳು ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನನ್ನು ಆವಿಯಾಗಿಸಿ ಹೀಗೆ ಪರೀಕ್ಷಿಸಿದರು. ಅವರಿಗೆ ಕಂಡ ಆಕಾರದಲ್ಲಿ ಆಮ್ಲದ ತುದಿಯ ಜಲಜನಕವು ಅದೇ ಅಣುವಿನ ಇನ್ನೊಂದು ತುದಿಯ ಸಾರಜನಕದೊಡನೆ ಜಲಜನಕ ಬಂಧ ಬೆಸೆದಿತ್ತು. ಆದರೆ 1977ರಲ್ಲೇ ಜಾನ್ ಪೋಪಲ್ ಮತ್ತು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದ ಸರಸ್ವತಿ ವಿಶ್ವೇಶ್ವರ ನಡೆಸಿದ ಗಣಕಯಂತ್ರದ ಲೆಕ್ಕ, ಬೇರೊಂದು ಆಕಾರವೇ ಹೆಚ್ಚು ಸ್ಥಿರ ಎಂದಿತ್ತು. ಹಾಗಾದರೆ ತಪ್ಪಿದ್ದು ಲೆಕ್ಕವೋ, ಪ್ರಯೋಗವೋ?

ಎರಡೂ ಅಲ್ಲ! ಅಣುವಿನ ಎರಡು ತುದಿಗಳ ವಿದ್ಯುದಂಶ ಎಷ್ಟು ಬೇರೆಯೋ ಅಷ್ಟು ಬಲವಾಗಿ ಅದು ಮೈಕ್ರೋವೇವ್ ಹೀರುತ್ತದೆ. ಮೊದಲು ಕಂಡ ಆಕಾರದಲ್ಲಿ ಈ ಗುಣ ಸುಮಾರು 5 ಪಟ್ಟು ಹೆಚ್ಚು. ಹೀರಿಕೆ ಅದರ ವರ್ಗದಷ್ಟು, ಅಂದರೆ ಅಣುವೊಂದಕ್ಕೆ ಸುಮಾರು 25 ಪಟ್ಟು. ಈ ಅಬ್ಬರದಲ್ಲಿ ಸ್ಥಿರ ಆಕಾರದ ಕ್ಷೀಣ ಸಂಕೇತ ಮರೆಯಾಗಿತ್ತು. ಲೆಕ್ಕಗಳ ಸುಳಿವು ಹಿಡಿದು ಹುಡುಕಿದಾಗ 1980ರಲ್ಲಿ ಅದೂ ಸಿಕ್ಕಿತು.

ಉತ್ತರ ತಾಳೆಯಾಗದಿದ್ದರೆ ಪ್ರಯೋಗದ ಪುಸ್ತಕದಲ್ಲಿ ಅಂಕಿ ತಿದ್ದುವ ವಿದ್ಯಾರ್ಥಿಗಳೇ, ತಿದ್ದುವ ಮುನ್ನ ಇನ್ನೊಮ್ಮೆ ಹುಡುಕಿ. ಪೋಷಕರೇ, ಹುಡುಕಲು ಅವರಿಗೆ ಬಿಡುವು ಕೊಡಿ.