ಕಲ್ಲಿಗೆ ಬಂದ ಕನ್ನಡ ವೈಫೈಗೆ ಬಾರದೇ?

ಶಿಕಾರಿಪುರ, ಸೊರಬದಿಂದ ಬಸ್ ಹತ್ತಿ ವಿಶ್ವವಿದ್ಯಾಲಯಕ್ಕೆ ಹೋಗುವ ಗೆಳೆಯರೇ, ಕೇಳಿ! ಕ್ಯಾಂಪಸ್ ವೈಫೈಗೆ ಫೋನನ್ನು ನೀವೇ ಜೋಡಿಸಹೊರಟರೆ ‘ಪೀಪ್’, ‘ಸಿಎ ಸರ್ಟಿಫಿಕೇಟ್’ ಎಂಬ ಇಂಗ್ಲಿಷ್ ಗೋಡೆ ಎದುರಾಗುತ್ತದೆ. ಹಳೆಯ ಆಂಡ್ರಾಯ್ಡ್ ಫೋನಾದರೆ ಸೀನಿಯರ್ ಹೇಳುವುದು ಒಂದೇ: ‘ಡೋಂಟ್ ವ್ಯಾಲಿಡೇಟ್ ಒತ್ತು ಮಾರಾಯ!’ ಒತ್ತುತ್ತೀರಿ. ನೆಟ್ ಬಂತು, ಬೀಗ ಹೋಯಿತು!

ಆ ಸರ್ಟಿಫಿಕೇಟ್ ನೆಟ್‌ವರ್ಕಿನ ಗುರುತಿನ ಚೀಟಿ. ಅದನ್ನು ನೋಡದೆ ಬಿಟ್ಟರೆ ಅದೇ ಹೆಸರಿಟ್ಟುಕೊಂಡ ಕಳ್ಳ ವೈಫೈ ನಿಮ್ಮ ಪಾಸ್‌ವರ್ಡಿಗೆ ಕನ್ನ ಹಾಕಬಹುದು. ಇಷ್ಟನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲು ಎಷ್ಟು ಕೋಟಿ ಬೇಕು ಸ್ವಾಮಿ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ ನೋಡಿ. ಕೋಡಿಯಮಠದಲ್ಲಿ ಏನೇನು ಓದಿಸುತ್ತಾರೆ, ಯಾರಿಗೆ ಅನ್ನ, ಯಾರಿಗೆ ಔಷಧಿ, ಎಲ್ಲವನ್ನೂ 1162ರ ಕನ್ನಡ ಶಾಸನ ಹೇಳುತ್ತದೆ. ಅವರಿಗೆ ಉಳಿಯೇ ಸಾಕಾಗಿತ್ತು, ಇವರಿಗೆ ಪ್ರಿಂಟರೂ ಸಾಲದು!

ಕುಲಸಚಿವರಿಗೆ ಇವತ್ತೇ ಅರ್ಜಿ ಬರೆಯಿರಿ. ಯಾವ ಸರ್ಟಿಫಿಕೇಟ್ ಆರಿಸಬೇಕು, ಸರ್ವರ್ ಹೆಸರೇನು? ಉತ್ತರ ಕನ್ನಡದಲ್ಲೇ ಬರಲಿ.